ಪದಚರ್ಚೆ: ಯೇಸು ಹೇಳಿದ ಕಥೆಗಳಿಗೆ ‘ಸಾಮ್ಯ’ವೋ, ‘ಸಾಮತಿ’ಯೋ, ‘ದೃಷ್ಟಾಂತ’ವೋ?

ಪ್ರಶ್ನೆ:

ಬಳಗದ ಎಲ್ಲರಿಗೂ ನಮಸ್ಕಾರ. ಯೇಸು ಹೇಳಿದ ಕಥೆಗಳನ್ನೂ ಅವುಗಳಿಂದ ದಿನನಿತ್ಯದ ಬದುಕು ಕಲಿಯಬಹುದಾದ ಮಾತುಗಳನ್ನೂ ಪರಿಚಯಿಸುವ ಒಂದು ಚಿತ್ರಪ್ರದರ್ಶನಕ್ಕೆ ಕನ್ನಡದ ಫಲಕಗಳನ್ನು ಬರೆಯುತ್ತಿದ್ದೇನೆ. ನೋಡಲು ಬರುವವರಲ್ಲಿ ಕ್ರೈಸ್ತರೂ ಇರುತ್ತಾರೆ, ಬೈಬಲನ್ನು ಒಮ್ಮೆಯೂ ತೆರೆಯದವರೂ ಇರುತ್ತಾರೆ. ಇಂಗ್ಲಿಷಿನವರು ‘ಪ್ಯಾರಬಲ್’ ಎನ್ನುವ ಈ ಕಥಾಪ್ರಕಾರಕ್ಕೆ ಹಳೆಯ ಸತ್ಯವೇದದಲ್ಲಿ (ಕನ್ನಡ ಬೈಬಲಿನಲ್ಲಿ) ‘ಸಾಮ್ಯ’ ಎಂದಿದೆ, ಕಥೋಲಿಕರ ಬಳಕೆಯಲ್ಲಿ ‘ಸಾಮತಿ’ ಎಂದಿದೆ. ಕರಡನ್ನು ನೋಡಿದ ಹಿರಿಯರೊಬ್ಬರು ಇವೆರಡೂ ಬೇಡ, ‘ನೀತಿಕಥೆ’ ಎಂದರೆ ಎಲ್ಲರಿಗೂ ತಿಳಿಯುತ್ತದೆ ಎನ್ನುತ್ತಾರೆ. ಮುಖ್ಯ ಫಲಕಕ್ಕೆ ಯಾವುದನ್ನು ಹಾಕಲಿ?

ಜೊತೆಗೆ ಇನ್ನೊಂದು ತೊಡಕಿದೆ. ಒಡೆಯನು ಒಪ್ಪಿಸಿದ ತಲಾಂತನ್ನು (ಆ ಕಾಲದ ದೊಡ್ಡ ಮೊತ್ತದ ಹಣ) ಆಳೊಬ್ಬನು ನೆಲದಲ್ಲಿ ಹೂತಿಡುವ, ಮತ್ತಾಯ 25ರ (ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ) ತಲಾಂತುಗಳ ಕಥೆಯ ಕೆಳಗೆ ‘ನಿಮ್ಮ ಪ್ರತಿಭೆಯನ್ನು ಹೂತಿಡಬೇಡಿ’ ಎಂದು ಬರೆದಿದ್ದೆ. ಆ ಆಳು ಹೂತಿಟ್ಟದ್ದು ಹಣವನ್ನೇ ಹೊರತು ಪ್ರತಿಭೆಯನ್ನಲ್ಲ ಎಂಬ ಆಕ್ಷೇಪ ಬಂದಿದೆ. ಮುದ್ರಣದವರು ನಾಳೆ ಸಂಜೆಯೊಳಗೆ ಬರಹ ಕೇಳಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

ಮೊದಲ ಉತ್ತರ:

‘ನೀತಿಕಥೆ’ಯನ್ನು ಇಂದೇ ಕೈಬಿಡಿ. ಲೂಕ 16ರಲ್ಲಿ ಯಜಮಾನನ ಲೆಕ್ಕಪತ್ರವನ್ನು ತಿದ್ದಿ, ನೂರು ಬುದ್ದಲಿ ಎಣ್ಣೆಯ ಸಾಲವನ್ನು ಐವತ್ತೆಂದು ಬರೆಸಿದ ಮನೆವಾರ್ತೆಯವನು ಹೊಗಳಿಸಿಕೊಳ್ಳುತ್ತಾನೆ. ಅದನ್ನು ನೀತಿಕಥೆಯೆಂದು ಓದಿದ ಮಗುವಿಗೆ ನೀವು ಯಾವ ನೀತಿಯನ್ನು ಹೇಳಿಕೊಡುತ್ತೀರಿ?

ಸರಿಯಾದ ಪದ ‘ದೃಷ್ಟಾಂತ’. ಅಲಂಕಾರಶಾಸ್ತ್ರದ ದೃಷ್ಟಾಂತವನ್ನು ಬದಿಗಿಡಿ, ತರ್ಕಶಾಸ್ತ್ರದ ಗ್ರಂಥವಾದ ನ್ಯಾಯಸೂತ್ರಕ್ಕೆ ಬನ್ನಿ: ‘ಲೌಕಿಕಪರೀಕ್ಷಕಾಣಾಂ ಯಸ್ಮಿನ್ನರ್ಥೇ ಬುದ್ಧಿಸಾಮ್ಯಂ ಸ ದೃಷ್ಟಾಂತಃ’. ಸಾಮಾನ್ಯನೂ ಪರೀಕ್ಷಕನೂ ಯಾವ ವಿಷಯವನ್ನು ಒಂದೇ ರೀತಿಯಾಗಿ ಒಪ್ಪುತ್ತಾರೋ ಅದು ದೃಷ್ಟಾಂತ. 2 ಸಮುವೇಲ 12ರಲ್ಲಿ ಪ್ರವಾದಿ ನಾತಾನನು ಅರಸನಾದ ದಾವೀದನಿಗೆ, ಬಡವನೊಬ್ಬ ಮಗಳಂತೆ ಸಾಕಿಕೊಂಡಿದ್ದ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡು ಅತಿಥಿಗೆ ಅಡಿಗೆ ಮಾಡಿಸಿದ ಕಥೆಯನ್ನು ಹೇಳುತ್ತಾನೆ. ದಾವೀದನು ಕೋಪಗೊಂಡು, ಅಂಥವನು ಸಾಯತಕ್ಕವನೆಂದು ತೀರ್ಪು ಕೊಡುತ್ತಾನೆ. ಆಮೇಲೆ ನಾತಾನನು ‘ಆ ಮನುಷ್ಯನು ನೀನೇ’ ಎನ್ನುತ್ತಾನೆ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕಿತ್ತುಕೊಂಡ ಅರಸನು ತನಗೆ ತಿಳಿಯದೆಯೇ ತನ್ನ ವಿರುದ್ಧದ ವಾದಕ್ಕೆ ಒಪ್ಪಿಗೆ ಕೊಟ್ಟುಬಿಟ್ಟಿರುತ್ತಾನೆ. ದೃಷ್ಟಾಂತವು ಕೆಲಸ ಮಾಡುವುದು ಹೀಗೆಯೇ. ಹಿಂದಿಯವರೂ ಇದೇ ಪದವನ್ನು ಬಳಸುತ್ತಾರೆ.

ಎರಡನೆಯ ಉತ್ತರ:

ಸಂಸ್ಕೃತ ಸೂತ್ರವನ್ನು ಉದ್ಧರಿಸಿದ ಮಾತ್ರಕ್ಕೆ ಅದು ಫಲಕದ ಮೇಲೆ ಬರೆಯುವ ಪದವಾಗುವುದಿಲ್ಲ. ಕನ್ನಡಕ್ಕೆ ‘ಹೋಲು’ ಎಂಬ ಧಾತುವಿದೆ, ‘ಹೋಲಿಕೆ’ ಇದೆ, ‘ಹೋಲುಗತೆ’ ಎನ್ನಿ. ‘ಮಳೆಗಾಲ’ ಆದಂತೆ ‘ಹೋಲುಗತೆ’ ಆಗುತ್ತದೆ. ಯೇಸುವಿನ ಮಾತನ್ನು ಕೇಳಿದವರು ಬೆಸ್ತರು, ಒಕ್ಕಲಿಗರು, ಹೆಂಗಸರು, ಮಕ್ಕಳು. ಬಿತ್ತನೆ, ಹುಳಿಹಿಟ್ಟು, ಬಲೆ, ಕಳೆದುಹೋದ ಕಾಸು ಎಂದು ಅವರ ಮನೆಯ ಮಾತಿನಲ್ಲೇ ಅವನು ಹೇಳಿದ. ಆ ಮಾತಿಗೆ ನೀವು ತರ್ಕಶಾಸ್ತ್ರದ ಪಂಚೆ ಉಡಿಸಲು ಹೊರಟಿದ್ದೀರಿ.

‘ತಲಾಂತು’ ಕೂಡ ಬೇಡ. ‘ಹೊನ್ನಿನ ಗಂಟು’ ಎಂದರೆ ಸಾಕು.

ಮೊದಲ ಉತ್ತರದವರಿಂದ:

‘ಮಳೆಗಾಲ’ದ ಮಾದರಿ ಕೊಟ್ಟಿದ್ದೀರಿ, ಅದರಲ್ಲಿರುವ ‘ಕಾಲ’ ಸಂಸ್ಕೃತ, ಎಂದರೆ ಅದು ಕನ್ನಡ-ಸಂಸ್ಕೃತಗಳ ಬೆರಕೆಯ ಸಮಾಸ. ‘ಕತೆ’ಯೂ ‘ಕಥಾ’ ಎಂಬುದರ ತದ್ಭವವೇ. ಅಚ್ಚಗನ್ನಡದ ಪ್ರತಿಜ್ಞೆಯು ಉತ್ತರಪದದವರೆಗೂ ಬಾಳಲಿಲ್ಲ.

ಎರಡನೆಯ ಉತ್ತರದವರಿಂದ:

ತದ್ಭವವು ಕನ್ನಡದ್ದೇ. ಅಷ್ಟನ್ನೂ ಒಪ್ಪದವರೊಡನೆ ಚರ್ಚೆಯಿಲ್ಲ.

ಮೂರನೆಯ ಉತ್ತರ:

ಇಬ್ಬರೂ ಪದವನ್ನು ಮೊದಲೇ ಆರಿಸಿಕೊಂಡು ಕಥೆಗಳನ್ನು ಅದರೊಳಗೆ ತುರುಕುತ್ತಿದ್ದೀರಿ. ಕಥೆಗಳ ಕಡೆಯಿಂದ ಹೊರಟರೆ ಬೇರೆಯೇ ಉತ್ತರ ಸಿಗುತ್ತದೆ.

ಗ್ರೀಕಿನ ‘ಪರಬೊಲೆ’ ಎಂದರೆ ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಡುವುದು. ಆ ಅರ್ಥಕ್ಕೆ ‘ಸಾಮ್ಯ’ ಹತ್ತಿರದ್ದೇ ಸರಿ. ಆದರೆ ಸುವಾರ್ತೆಗಳಲ್ಲಿ ಆ ಪದದ ವ್ಯಾಪ್ತಿ ಕಥೆಗಷ್ಟೇ ಸೀಮಿತವಾಗಿಲ್ಲ. ಲೂಕ 4:23ರಲ್ಲಿ ‘ವೈದ್ಯನೇ, ನಿನ್ನನ್ನು ನೀನೇ ವಾಸಿಮಾಡಿಕೋ’ ಎಂಬ ಒಂದೇ ಸಾಲಿನ ಗಾದೆಯನ್ನೂ ಮೂಲವು ‘ಪರಬೊಲೆ’ ಎಂದೇ ಕರೆಯುತ್ತದೆ. ಹಿಂದಿರುವ ಹೀಬ್ರೂ ‘ಮಾಷಾಲ್’ ಇನ್ನೂ ಅಗಲವಾದದ್ದು: ಗಾದೆ, ಒಗಟು, ಹೋಲಿಕೆಯ ಕಥೆ ಎಲ್ಲವೂ ಅದರಲ್ಲಿ ಅಡಗಿವೆ, ಬೈಬಲಿನ ಜ್ಞಾನೋಕ್ತಿಗಳ ಗ್ರಂಥಕ್ಕೆ ಹೀಬ್ರೂವಿನಲ್ಲಿರುವ ಹೆಸರೂ ಅದೇ ಪದದಿಂದ ಬಂದದ್ದು. ಸುವಾರ್ತೆ ಬರೆದ ಯೋಹಾನನಂತೂ ‘ಪರಬೊಲೆ’ಯನ್ನು ಬಳಸುವುದೇ ಇಲ್ಲ, ಸಾಮಾನ್ಯವಾಗಿ ಗಾದೆ ಎಂಬ ಅರ್ಥವಿರುವ ‘ಪರೊಯಿಮಿಯ’ವನ್ನು ಬಳಸುತ್ತಾನೆ. ಈ ಗಾದೆ, ಕಥೆಗಳೆರಡನ್ನೂ ಒಂದೇ ಹಿಡಿತಕ್ಕೆ ತರಬಲ್ಲ ಪದ ಕನ್ನಡದಲ್ಲಿ ‘ಸಾಮತಿ’ಯೊಂದೇ. ಪಕ್ಕದ ತೆಲುಗಿನಲ್ಲಿ ‘ಸಾಮೆತ’ ಎಂದರೆ ಗಾದೆಯೇ, ಮತ್ತು ಜ್ಞಾನೋಕ್ತಿಗಳ ಗ್ರಂಥ ಅಲ್ಲಿ ‘ಸಾಮೆತಲು’.

‘ದೃಷ್ಟಾಂತ’ದ ವಾದ ಸೊಗಸಾಗಿದೆ, ನಾತಾನನ ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಮತ್ತಾಯ 20ಕ್ಕೆ ಬನ್ನಿ. ದ್ರಾಕ್ಷಿತೋಟದಲ್ಲಿ ಬೆಳಗ್ಗೆಯಿಂದ ಬಿಸಿಲಿನಲ್ಲಿ ದುಡಿದವನಿಗೂ ಒಂದು ದಿನಾರಿ, ಕತ್ತಲಾಗಲು ಒಂದು ತಾಸು ಉಳಿದಿದ್ದಾಗ ಬಂದವನಿಗೂ ಒಂದು ದಿನಾರಿ. ಅದರಲ್ಲೂ ಯಜಮಾನನು ಕೊನೆಯಲ್ಲಿ ಬಂದವರಿಂದ ಬಟವಾಡೆ ಆರಂಭಿಸುತ್ತಾನೆ. ಮೊದಲು ಬಂದವರು ಸಾಲಿನಲ್ಲಿ ನಿಂತು ಅದನ್ನು ಕಣ್ಣಾರೆ ನೋಡಿ, ತಮಗೆ ಹೆಚ್ಚು ಸಿಗುವುದೆಂದು ಎಣಿಸಿಕೊಳ್ಳುತ್ತಾರೆ. ಮೊದಲು ಬಂದವರಿಗೇ ಮೊದಲು ಕೊಟ್ಟು ಕಳುಹಿಸಿದ್ದರೆ ಗೊಣಗಾಟವೇ ಇರುತ್ತಿರಲಿಲ್ಲ, ಕಥೆಯೂ ಇರುತ್ತಿರಲಿಲ್ಲ. ಇಲ್ಲಿ ಲೌಕಿಕನಿಗೂ ಪರೀಕ್ಷಕನಿಗೂ ಯಾವ ಬುದ್ಧಿಸಾಮ್ಯ ಇದೆ? ಕೂಲಿಯವರೂ ಒಪ್ಪುವುದಿಲ್ಲ, ಕೇಳಿದವರೂ ಒಪ್ಪುವುದಿಲ್ಲ, ಇಂದು ಸಂಬಳದ ಚೀಟಿಯನ್ನು ಪಕ್ಕದವನ ಚೀಟಿಯೊಡನೆ ಹೋಲಿಸಿ ನೋಡುವ ಯಾರೂ ಒಪ್ಪುವುದಿಲ್ಲ. ಕೇಳುವವನು ಒಪ್ಪದೆ ಕಸಿವಿಸಿಗೊಳ್ಳಲಿ ಎಂಬುದೇ ಆ ಕಥೆಯ ಉದ್ದೇಶ. ‘ನಾನು ಒಳ್ಳೆಯವನಾಗಿರುವುದು ನಿನ್ನ ಕಣ್ಣಿಗೆ ಚುಚ್ಚುತ್ತದೆಯೋ’ ಎಂಬರ್ಥದ ಯಜಮಾನನ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಲೂಕ 15ರ ಹಿರಿಯ ಮಗನೂ ಹಾಗೆಯೇ. ಮನೆಬಿಟ್ಟು ಹೋಗಿ ಮರಳಿ ಬಂದ ತಮ್ಮನಿಗಾಗಿ ನಡೆಯುತ್ತಿದ್ದ ಔತಣಕ್ಕೆ ಅವನು ಒಳಗೆ ಹೋದನೋ ಇಲ್ಲವೋ ಎಂದು ಲೂಕನು ಬರೆಯಲಿಲ್ಲ.

‘ಸಾಮ್ಯ’ದ ಬಗ್ಗೆ ನನ್ನ ಅಡ್ಡಿ ಶಾಸ್ತ್ರದ್ದಲ್ಲ, ಕಣ್ಣಿನದು. ಇಂದಿನ ಓದುಗನು ದಿನವೂ ಕಾಣುವುದು ‘ಸರ್ಕಾರಿ ಸ್ವಾಮ್ಯ’, ‘ಏಕಸ್ವಾಮ್ಯ’. ದೊಡ್ಡ ಅಕ್ಷರದ ಫಲಕದಲ್ಲಿ ‘ಯೇಸುವಿನ ಸಾಮ್ಯಗಳು’ ಎಂದು ಕಂಡರೆ ಅರ್ಧ ಜನ ‘ಸ್ವಾಮ್ಯ’ವೆಂದೇ ಓದುತ್ತಾರೆ, ಅಕ್ಷರ ಜೋಡಿಸುವವರು ‘ತಿದ್ದಿ’ಯೂ ಬಿಡಬಹುದು. (‘ಸಾಮ್ಯತೆ’ ಎಂದು ಬರೆಯುವವರ ವಿಷಯ ಇನ್ನೊಮ್ಮೆ, ಅದನ್ನು ಈಗ ಎತ್ತಿದರೆ ಫಲಕ ಅಚ್ಚಾಗುವುದಿಲ್ಲ.)

ಇನ್ನು ‘ತಲಾಂತು’. ಅದು ಮೂಲತಃ ತೂಕ, ಆಮೇಲೆ ಆ ತೂಕದ ಬೆಳ್ಳಿಯ ಬೆಲೆ: ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಮತ್ತಾಯ 20ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ. ಎಂದರೆ ‘ಒಂದೇ ಒಂದು’ ತಲಾಂತನ್ನು ಪಡೆದವನ ಕೈಯಲ್ಲಿದ್ದದ್ದು ಕೂಲಿಯಾಳಿನ ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ದುಡಿಮೆ. ‘ಹೊನ್ನಿನ ಗಂಟು’ ಎಂದು ಬರೆದರೆ ಈ ಅಳತೆಯೇ ಕಳೆದುಹೋಗುತ್ತದೆ. ಮತ್ತಾಯ 18ರಲ್ಲಿ 10,000 ತಲಾಂತಿನ ಸಾಲವನ್ನು ಮನ್ನಾ ಮಾಡಿಸಿಕೊಂಡವನು ಹೊರಗೆ ಬಂದು, 100 ದಿನಾರಿ ಕೊಡಬೇಕಾಗಿದ್ದ ಜೊತೆಯಾಳಿನ ಕುತ್ತಿಗೆ ಹಿಸುಕುತ್ತಾನೆ. ಎರಡು ಸಾಲಗಳ ನಡುವಿನ ಅಂತರ ಆರು ಲಕ್ಷ ಪಟ್ಟು. ‘ದೊಡ್ಡ ಗಂಟು, ಸಣ್ಣ ಗಂಟು’ ಎಂದು ಅನುವಾದಿಸಿದರೆ ಆ ಕುತ್ತಿಗೆ ಹಿಸುಕಿದ್ದರ ಅಸಹ್ಯವು ಯಾರಿಗೂ ತಟ್ಟುವುದಿಲ್ಲ.

ಮೊದಲ ಉತ್ತರದವರಿಂದ:

ಮತ್ತಾಯ 20ರ ಆಕ್ಷೇಪ ಗಟ್ಟಿಯಾದದ್ದು. ಅದಕ್ಕೆ ನಾಳೆ ಉತ್ತರಿಸುತ್ತೇನೆ. ‘ತಲಾಂತು’ವಿನ ಬಗ್ಗೆ ಮಾತ್ರ ಈಗಲೇ ಹೇಳಬೇಕು. ಗ್ರೀಕಿನ ‘ತಲಾಂತೋನ್’ ಎಂದರೆ ತಕ್ಕಡಿ, ತೂಕ. ಸಂಸ್ಕೃತದ ‘ತುಲಾ’ ಹುಟ್ಟಿದ್ದೂ ಅದೇ ಇಂಡೋ-ಯುರೋಪಿಯನ್ ಧಾತುವಿನಿಂದ. ನಾವು ‘ತುಲನೆ’, ‘ತುಲಾಭಾರ’ ಎನ್ನುವಾಗ ನಾಚದವರು ‘ತಲಾಂತು’ ಎನ್ನಲು ಏಕೆ ನಾಚಬೇಕು?

ಎರಡನೆಯ ಉತ್ತರದವರಿಂದ:

‘ತುಲಾ’ವೂ ನಮ್ಮದಲ್ಲ. ಎರವಲನ್ನು ಇನ್ನೊಂದು ಎರವಲಿನಿಂದ ಸಮರ್ಥಿಸುವುದು ಸಾಲ ತೀರಿಸಲು ಸಾಲ ಮಾಡಿದಂತೆ. ಸತ್ಯವೇದದ ಅನುವಾದಕರು ‘ತಲಾಂತು’ ಎಂದು ಬರೆದದ್ದು ಪದ ಸಿಗದೆ. ಅವರ ಅನಿವಾರ್ಯತೆಯನ್ನು ನಾವು ಸಂಪ್ರದಾಯವೆಂದು ಹೊತ್ತು ತಿರುಗಬೇಕಾಗಿಲ್ಲ.

ಮೂರನೆಯ ಉತ್ತರದವರಿಂದ:

ಅನಿವಾರ್ಯತೆಯಿಂದ ಬಂದ ಪದವೂ ಬಾಯಲ್ಲಿ ನೆಲೆಯೂರುತ್ತದೆ. ಕ್ರೈಸ್ತ ಸಭೆಗಳಲ್ಲಿ ‘ದೇವರು ಅವಳಿಗೆ ಹಾಡುವ ತಲಾಂತು ಕೊಟ್ಟಿದ್ದಾನೆ’ ಎನ್ನುವವರು ಗ್ರೀಕಿನ ತೂಕವನ್ನು ನೆನೆಯುತ್ತಿಲ್ಲ, ಕನ್ನಡವನ್ನೇ ಆಡುತ್ತಿದ್ದಾರೆ. ಇಂಗ್ಲಿಷಿನಲ್ಲೂ ‘ಟ್ಯಾಲೆಂಟ್’ ಎಂಬುದಕ್ಕೆ ಪ್ರತಿಭೆ ಎಂಬ ಅರ್ಥ ಬಂದದ್ದು ಇದೇ ಕಥೆಯ ವ್ಯಾಖ್ಯಾನದಿಂದ. ಆದ್ದರಿಂದ ಪ್ರಶ್ನೆ ಕೇಳಿದವರ ಅಡಿಬರಹ ಕಥೆಯ ಫಲವೇ ಹೊರತು ಕಥೆಯ ಪಠ್ಯವಲ್ಲ. ಅಲ್ಲಿ ಒಡೆಯನು ಕೊಟ್ಟದ್ದು ನಂಬಿಕೆಯಿಂದ ಒಪ್ಪಿಸಿದ ಸೊತ್ತು. ಆಳು ಹೂತಿಟ್ಟದ್ದು ಸೋಮಾರಿತನದಿಂದ ಮಾತ್ರವಲ್ಲ, ‘ನಾನು ಹೆದರಿಕೊಂಡೆನು’ ಎಂದು ಅವನೇ ಹೇಳುತ್ತಾನೆ. ‘ಒಪ್ಪಿಸಿದ್ದನ್ನು ಹೆದರಿ ಹೂತಿಡಬೇಡಿ’ ಎಂದರೆ ಹಣವೂ ಅದರಲ್ಲಿ ಬರುತ್ತದೆ, ಪ್ರತಿಭೆಯೂ ಬರುತ್ತದೆ, ಆಕ್ಷೇಪಕ್ಕೆ ಎಡೆಯಿರುವುದಿಲ್ಲ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಮುಖ್ಯ ಫಲಕಕ್ಕೆ ‘ಯೇಸು ಹೇಳಿದ ಸಾಮತಿಗಳು’ ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೋಲಿಕೆಯ ಕಥೆಗಳು’ ಎಂದು ಸೇರಿಸಿ ಕಳುಹಿಸುತ್ತಿದ್ದೇನೆ. ‘ತಲಾಂತು’ ಉಳಿಯುತ್ತದೆ, ಅದರ ಪಕ್ಕದಲ್ಲಿ ‘ಸುಮಾರು ಇಪ್ಪತ್ತು ವರ್ಷಗಳ ಕೂಲಿ’ ಎಂಬ ವಿವರಣೆ ಇರುತ್ತದೆ. ಅಡಿಬರಹಕ್ಕೆ ಮೂರನೆಯ ಉತ್ತರದವರ ವಾಕ್ಯವನ್ನೇ ತೆಗೆದುಕೊಂಡಿದ್ದೇನೆ. ‘ನೀತಿಕಥೆ’ ಎಂದ ಹಿರಿಯರಿಗೆ ಮನೆವಾರ್ತೆಯವನ ಕಥೆಯನ್ನು ಓದಲು ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಎರಡನೆಯ ಉತ್ತರದವರಿಂದ:

ಸಣ್ಣ ಅಕ್ಷರದಲ್ಲಾದರೂ ಹೋಲಿಕೆ ಬಂತು. ಆದರೆ ಅದು ‘ಕಥೆ’ ಅಲ್ಲ, ‘ಕತೆ’. ಅಚ್ಚಿಗೆ ಹೋಗುವ ಮುಂಚೆ ಮಹಾಪ್ರಾಣವನ್ನು ತೆಗೆಸಿ.