ಯೋಮ್ ಕಿಪ್ಪೂರ್ ದಿನ ಶುಗರ್ ಇರುವ ಅಜ್ಜಿಗೆ ಉಪವಾಸ, ಏನು ಮಾಡಲಿ?

ಕುಂದಾಪುರದವಳು, ರಾಮತ್ ಗಾನ್:
ಕೇರ್‌ಗಿವರ್ ಆಗಿ ಇಸ್ರೇಲಿಗೆ ಬಂದ ಮೇಲೆ ಇದು ನನ್ನ ಮೊದಲ ಯೋಮ್ ಕಿಪ್ಪೂರ್, ಯಹೂದಿಗಳು ತಪ್ಪಿಗೆ ಕ್ಷಮೆ ಬೇಡಿ ಉಪವಾಸ ಮಾಡುವ ದಿನ. ನಾನು ನೋಡಿಕೊಳ್ಳುವ ಸಾವ್ತಾಗೆ (ಹೀಬ್ರೂನಲ್ಲಿ ಅಜ್ಜಿ) 86 ವರ್ಷ. ದಿನಾ ಇನ್ಸುಲಿನ್ ಬೇಕು. ಆದರೂ 25 ಗಂಟೆ ನೀರೂ ಮುಟ್ಟಲ್ಲ ಅಂತ ಹಠ. ಏಕಾದಶಿ ಥರ ಹಾಲು-ಹಣ್ಣು ಆಗುತ್ತದಾ ಅಂತ ಕೇಳಿದ್ದಕ್ಕೆ ನಕ್ಕುಬಿಟ್ಟರು. ಮಗ ಹೈಫಾದಲ್ಲಿದ್ದಾರೆ. ಅವತ್ತು ಬಸ್ಸು, ರೈಲು ಏನೂ ಇಲ್ಲವಂತೆ. ನಾನಾದರೂ ಮನೆಯಲ್ಲಿ ಊಟ ಮಾಡಬಹುದಾ?

ಮೂಲ್ಕಿ ಅಕ್ಕ, ಜೆರುಸಲೇಂ:
ತಂಗಿ, ಇವತ್ತೇ ಮಗನಿಗೆ ಫೋನ್ ಮಾಡು. ಕುಪತ್ ಹೋಲಿಂ (ಇಲ್ಲಿನ ಆರೋಗ್ಯ ವಿಮೆ ಸಂಸ್ಥೆ) ಡಾಕ್ಟರನ್ನು ಕೇಳಿ, ಆಮೇಲೆ ರಬ್ಬಿಯಿಂದ, ಅಂದರೆ ಅವರ ಧರ್ಮಗುರುವಿನಿಂದ ಹೇಳಿಸಲಿ. ನಿನ್ನ ಮಾತು ಸಾವ್ತಾ ಕೇಳಲ್ಲ, ರಬ್ಬಿ ಮಾತು ಕೇಳುತ್ತಾರೆ. ಜೀವಕ್ಕೆ ಅಪಾಯ ಇದ್ದರೆ ತಿನ್ನಲೇಬೇಕು ಅನ್ನುವುದು ಅವರ ಧರ್ಮದಲ್ಲೇ ಇದೆ. ‘ಪಿಕ್ಕುವಾಹ್ ನೆಫೆಶ್’ (ಜೀವ ಉಳಿಸುವುದು) ಅನ್ನು, ಅವರಿಗೆ ಗೊತ್ತಾಗುತ್ತದೆ.

ನಾನು ನೋಡಿಕೊಳ್ಳುವ ಸಾಬಾದೂ (ಅಜ್ಜ) ಇದೇ ಕಥೆ. ರಬ್ಬಿ ಒಂದು ದಾರಿ ಹೇಳಿದರು. ಒಂದು ಸಲಕ್ಕೆ 30 ಮಿಲಿಗಿಂತ ಕಡಿಮೆ ತಿನ್ನಿಸಿ, 9 ನಿಮಿಷ ಬಿಟ್ಟು ಮತ್ತೆ ಅಷ್ಟೇ. ಹೀಗೆ ಚೂರು ಚೂರು ತಿಂದರೆ ಉಪವಾಸ ಪೂರ್ತಿ ಮುರಿದ ಲೆಕ್ಕವಲ್ಲವಂತೆ. ಹಿಂದಿನ ದಿನವೇ ಔಷಧಿ ಕುಡಿಸುವ ಲೋಟದಲ್ಲಿ ಅಳೆದು ಇಟ್ಟಿದ್ದೆ. ಮುದುಕ ಪ್ರತಿ ಸಲ ಗೊಣಗಿಕೊಂಡೇ ನುಂಗಿದರು! ಇನ್ಸುಲಿನ್ ಎಷ್ಟು ಅಂತ ಮಾತ್ರ ಡಾಕ್ಟರೇ ಹೇಳಬೇಕು. ಇಲ್ಲಿ ಯಾರನ್ನೂ ಕೇಳಬೇಡ.

ನಿನಗೆ ಉಪವಾಸ ಇಲ್ಲ. ನಿನ್ನ ರೂಮಿನಲ್ಲಿ ತಿನ್ನು. ಮೊದಲೇ ಮಾಡಿಟ್ಟುಕೋ, ಅವತ್ತು ಒಲೆ ಹಚ್ಚಬೇಡ. ಮೀನು ಅಂತೂ ಹುರಿಯಬೇಡ ಮಾರಾಯ್ತಿ!

ಬಂಟ್ವಾಳದ ಭಾವ, ಹೋಲೋನ್:
ಆಂಬ್ಯುಲೆನ್ಸ್ ಅವತ್ತೂ ಬರುತ್ತದೆ, 101. ಟಿವಿ ಚಾನೆಲ್ ಬಂದ್, ವಿಮಾನ ನಿಲ್ದಾಣವೂ ಬಂದ್. ಗಾಡಿ ಓಡಾಡದ್ದರಿಂದ ತೆಲ್ ಅವೀವ್‌ನ ಅಯಲೋನ್ ಹೆದ್ದಾರಿಯಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ. ಸಾವ್ತಾ ಸಿನಗಾಗಿಗೆ (ಅವರ ಪ್ರಾರ್ಥನಾ ಮಂದಿರ) ಹೋಗುವುದಾದರೆ ಚರ್ಮದ ಚಪ್ಪಲಿ ಆಗಲ್ಲ. ಬಿಳಿ ಬಟ್ಟೆಗೆ ಕ್ರಾಕ್ಸ್ ಹಾಕಿಕೊಂಡು ಹೋಗುವವರು ತುಂಬಾ ಜನ, ನೋಡಿ ನಗಬೇಡಿ. ಕಾಫಿ ಜಾಸ್ತಿ ಕುಡಿಯುವವರಾದರೆ ಈಗಿನಿಂದಲೇ ಕಡಿಮೆ ಮಾಡಿಸಿ. ಇಲ್ಲದಿದ್ದರೆ ಮಧ್ಯಾಹ್ನದೊಳಗೆ ತಲೆನೋವು ಗ್ಯಾರಂಟಿ.

ಕುಂದಾಪುರದವಳು, ರಾಮತ್ ಗಾನ್:
ಮಗ ಡಾಕ್ಟರ್ ಹತ್ತಿರ ಮಾತಾಡಿದರು. ಉಪವಾಸ ಬೇಡವೇ ಬೇಡ ಅಂದರಂತೆ. ನಾಳೆ ರಬ್ಬಿ ಫೋನ್ ಮಾಡುತ್ತಾರೆ. ಇನ್ನೊಂದು ವಿಷಯ. ಸಾವ್ತಾ ಎರಡು ದಿನದಿಂದ ಸಿಕ್ಕವರಿಗೆಲ್ಲ ಫೋನ್ ಮಾಡಿ ಕ್ಷಮೆ ಕೇಳುತ್ತಿದ್ದಾರೆ. ಚಹಾ ತಣ್ಣಗಿದೆ ಅಂತ ಬೈದಿದ್ದಕ್ಕೆ ನನ್ನ ಹತ್ತಿರವೂ ಕೇಳಿದರು. ಅಷ್ಟು ದೊಡ್ಡವರು, ನಾನು ಸುಮ್ನೆ ನಿಂತುಬಿಟ್ಟೆ. ಏನು ಹೇಳಬೇಕಿತ್ತು?

ಮೂಲ್ಕಿ ಅಕ್ಕ, ಜೆರುಸಲೇಂ:
ಸುಮ್ನೆ ನಿಲ್ಲಬೇಡ, ಅವರು ಉತ್ತರಕ್ಕೆ ಕಾಯುತ್ತಿರುತ್ತಾರೆ. ‘ಸಲಾಖ್ತಿ’ ಅನ್ನು, ಕ್ಷಮಿಸಿದೆ ಅಂತ. ಆಮೇಲೆ ‘ಗ್ಮಾರ್ ಹತಿಮಾ ತೋವಾ’ ಅನ್ನು, ದೇವರ ಪುಸ್ತಕದಲ್ಲಿ ನಿಮಗೆ ಒಳ್ಳೆಯದೇ ಬರೆದು ಮುದ್ರೆ ಬೀಳಲಿ ಅಂತ. ಖುಷಿಪಡುತ್ತಾರೆ. ರಬ್ಬಿ ಫೋನ್ ಮಾಡಿದಾಗ ಸ್ಪೀಕರ್‌ನಲ್ಲಿ ಹಾಕು. ಇಲ್ಲದಿದ್ದರೆ ಅವರು ಹಾಗೆ ಹೇಳಲೇ ಇಲ್ಲ ಅನ್ನುತ್ತಾರೆ ನಿನ್ನ ಸಾವ್ತಾ.