ಕೈನೋವು, ಮಣಿಕಟ್ಟು, ಕೀಬೋರ್ಡ್: ಫಿಸಿಯೋ ಮೇಡಂ ಅವರನ್ನು ಕೇಳಿ

ಅಡ್ಮಿನ್: ಕೈ ಮತ್ತು ಮಣಿಕಟ್ಟಿನ ತೊಂದರೆ ನೋಡುವ ಫಿಸಿಯೋಥೆರಪಿಸ್ಟ್ ಒಬ್ಬರು ಇವತ್ತು ಗುಂಪಿನಲ್ಲಿದ್ದಾರೆ. ಕೀಬೋರ್ಡ್ ಆಯ್ಕೆ ಬಗ್ಗೆ ಕೇಳಿ. ಯಾವ ಬೆರಳು, ಯಾವ ಹೊತ್ತು, ಎಷ್ಟು ಕಾಲದಿಂದ ಅಂತ ಬರೆಯಿರಿ. ಸುಮ್ನೆ "ಕೈನೋವು" ಅಂದರೆ ಉತ್ತರ ಹೇಳುವುದು ಕಷ್ಟ.

ಅನುವಾದಕಿ: ನಮಸ್ಕಾರ ಮೇಡಂ. ದಿನವಿಡೀ ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುತ್ತೇನೆ. ಸಂಜೆಗೆ ಎರಡೂ ಮಣಿಕಟ್ಟಿನ ಹೊರಬದಿ, ಕಿರುಬೆರಳಿನ ಕಡೆ, ನೋಯುತ್ತದೆ. ಜೋಮು ಇಲ್ಲ. ಎರಡು ಭಾಗವಾಗಿರುವ ಕೀಬೋರ್ಡ್ ತೆಗೆದುಕೊಂಡರೆ ಪ್ರಯೋಜನ ಇದೆಯಾ?

ಫಿಸಿಯೋ: ನಮಸ್ಕಾರ. ನಿಮಗೆ ಉಪಯೋಗ ಆಗಬಹುದು. ಚಿಕ್ಕ ಕೀಬೋರ್ಡ್ ಮೇಲೆ ಎರಡೂ ಕೈ ಹತ್ತಿರ ತರುವಾಗ ಮುಂಗೈ ಓರೆಯಾಗಿ ಒಳಗೆ ಬರುತ್ತದೆ. ಕೀಗಳ ಸಾಲು ನೇರ ಇರುವುದರಿಂದ ಅಂಗೈ ಕಿರುಬೆರಳಿನ ಕಡೆಗೆ ಹೊರಳುತ್ತದೆ. ದಿನವೆಲ್ಲಾ ಹಾಗೇ ಇದ್ದರೆ ಹೊರಬದಿ ನೋಯದೆ ಇನ್ನೇನು? ಎರಡು ಭಾಗಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟರೆ ಈ ತಿರುವು ಹೋಗುತ್ತದೆ. ಒಳಬದಿಯನ್ನು ಸ್ವಲ್ಪ ಎತ್ತರಿಸಲು ಬಂದರೆ ಇನ್ನೂ ಒಳ್ಳೆಯದು, ಅಂಗೈ ಪೂರ್ತಿ ಮಕಾಡೆ ಇರಬೇಕಾಗಿಲ್ಲ. ಮೊದಲ ಕೆಲವು ವಾರ ನಿಮ್ಮ ವೇಗ ಬಿದ್ದುಹೋಗುತ್ತದೆ, ಕೆಲಸದ ಗಡುವು ಹತ್ತಿರ ಇರುವಾಗ ಶುರು ಮಾಡಬೇಡಿ. ಇನ್ನೊಂದು: ಯಾವ ಕೀಬೋರ್ಡ್ ಆದರೂ ಹಿಂದಿನ ಎರಡು ಕಾಲುಗಳನ್ನು ಮಡಚಿಡಿ. ಅವನ್ನು ಎತ್ತಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ.

ಲೆಕ್ಕದ ಮನುಷ್ಯ: ಕೀಬೋರ್ಡ್ ಮುಂದೆ ಇಡುವ ಮೆತ್ತನೆಯ ಪಟ್ಟಿ ಬೇಕಾ ಮೇಡಂ?

ಫಿಸಿಯೋ: ಟೈಪಿಂಗ್ ನಿಲ್ಲಿಸಿದಾಗ ಅಂಗೈಯ ಬುಡ ಇಡುವುದಕ್ಕೆ ಇರಲಿ. ಟೈಪ್ ಮಾಡುವಾಗ ಮಣಿಕಟ್ಟನ್ನು ಅದರ ಮೇಲೆ ಊರಬೇಡಿ. ಅಲ್ಲೇ ನರ ಹಾದುಹೋಗುತ್ತದೆ.

ಹಿತೈಷಿ: ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ 🙏 ಬಂದ ಮೆಸೇಜ್: "ಕೈ ಜೋಮು ಅಂದರೆ ವಿಟಮಿನ್ ಬಿ6 ಕೊರತೆ! ದಿನಾ ಮಾತ್ರೆ ನುಂಗಿ. ರಾತ್ರಿ ಚೆನ್ನಾಗಿ ಬಿಸಿಯಾದ ಉಪ್ಪುನೀರಿನಲ್ಲಿ ಕೈ ಅದ್ದಿ. ರಬ್ಬರ್ ಚೆಂಡು 200 ಸಲ ಹಿಸುಕಿ. ಆಪರೇಷನ್ ಬೇಡವೇ ಬೇಡ!!"

ಫಿಸಿಯೋ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಬಿ6 ಜಾಸ್ತಿ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಅದರಿಂದಲೇ ನರ ಹಾಳಾಗಿ ಜೋಮು ಬರುತ್ತದೆ. ಜೋಮು ಹಿಡಿದ ಕೈಗೆ ಬಿಸಿ ಎಷ್ಟು ಅಂತ ಗೊತ್ತಾಗುವುದಿಲ್ಲ, ಸುಟ್ಟುಕೊಳ್ಳುತ್ತೀರಿ. ದಿನವೆಲ್ಲಾ ದುಡಿದು ನೋಯುತ್ತಿರುವ ಕೈಗೆ ಚೆಂಡು ಹಿಸುಕುವುದು ಇನ್ನೊಂದು ಪಾಳಿ ಕೆಲಸ.

ಕೋಡ್ ಹುಳು: ಮೇಡಂ, ನನಗೆ ಕಾರ್ಪಲ್ ಟನಲ್ ಇರಬೇಕು. ಬಲಗೈ ಕಿರುಬೆರಳು, ಪಕ್ಕದ ಬೆರಳಿನ ಅರ್ಧ ಕೆಲವು ತಿಂಗಳಿಂದ ಜೋಮು. ಮೊದಲು ಬಂದು ಹೋಗುತ್ತಿತ್ತು, ಈಗ ಹೋಗುವುದೇ ಇಲ್ಲ. ಬೀಗದ ಕೀ ತಿರುಗಿಸಲು ಕಷ್ಟ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಕೈಯ ಹಿಂಬದಿ, ಸ್ವಲ್ಪ ಗುಳಿ ಬಿದ್ದ ಹಾಗೆ ಕಾಣುತ್ತದೆ. ಬಾಗಿದ ಕೀಬೋರ್ಡ್ ಆಯಿತು, ಎರಡು ಭಾಗದ್ದೂ ಆಯಿತು. ಮುಂದೆ ಯಾವುದು ತೆಗೆದುಕೊಳ್ಳಲಿ?

ಫಿಸಿಯೋ: ಇನ್ನೊಂದು ಕೀಬೋರ್ಡ್ ತೆಗೆದುಕೊಳ್ಳಬೇಡಿ. ನಿಮ್ಮ ಪ್ರಶ್ನೆ ನನಗೆ ಚಿಂತೆ ಹುಟ್ಟಿಸಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಹೇಳಿದ ಬೆರಳುಗಳು ಕಾರ್ಪಲ್ ಟನಲ್‌ನ ಬೆರಳುಗಳಲ್ಲ. ಅದರಲ್ಲಿ ಮಣಿಕಟ್ಟಿನೊಳಗೆ ಒತ್ತಿಕೊಳ್ಳುವುದು ಮೀಡಿಯನ್ ನರ. ಅದರ ಪಾಲಿನವು ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ. ಕಿರುಬೆರಳಿಗೆ ಬರುವುದು ಅಲ್ನರ್ ನರ. ಮೊಣಕೈ ಎಲ್ಲಾದರೂ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ವಾ, ಅದೇ ನರ. ಮೊಣಕೈಯ ಒಳಮೂಳೆಯ ಹಿಂದೆ, ಚರ್ಮದ ಕೆಳಗೇ ಇದೆ. ಮೊಣಕೈ ಮಡಚಿದಷ್ಟೂ ಅದು ಎಳೆದುಕೊಳ್ಳುತ್ತದೆ. ಗಟ್ಟಿ ಮೇಜಿನ ಮೇಲೆ ಊರಿದರೆ ನೇರ ಅದರ ಮೇಲೇ ಭಾರ. ಹಾಗಾಗಿ ಮಣಿಕಟ್ಟು ನೇರ ಮಾಡುವ ಕೀಬೋರ್ಡ್ ಎಷ್ಟು ಬದಲಾಯಿಸಿದರೂ ಮೊಣಕೈಯಲ್ಲಿ ಒತ್ತುತ್ತಿರುವುದು ಹಾಗೇ ಉಳಿಯುತ್ತದೆ. ಇದೇ ನರ ಮಣಿಕಟ್ಟಿನಲ್ಲೂ ಸಿಕ್ಕಿಕೊಳ್ಳಬಹುದು, ಕುತ್ತಿಗೆಯಿಂದಲೂ ಇಂಥದ್ದೇ ಜೋಮು ಬರಬಹುದು. ಯಾವುದು ಅಂತ ಮೆಸೇಜ್ ನೋಡಿ ಯಾರೂ ಹೇಳಲಾಗದು, ನಾನೂ ಹೇಳುವುದಿಲ್ಲ.

ನನ್ನ ಚಿಂತೆ ಜೋಮಿನದಲ್ಲ, ಆ ಗುಳಿಯದು. ಅಲ್ಲಿರುವ ಸ್ನಾಯುವನ್ನು ಈ ನರವೇ ನಡೆಸುತ್ತದೆ. ಅದು ಕರಗುತ್ತಿದ್ದರೆ ತಡಮಾಡಿದಷ್ಟೂ ಬಲ ಪೂರ್ತಿ ವಾಪಸ್ ಬರುವ ಸಾಧ್ಯತೆ ಕಡಿಮೆ. ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂ ಕೈಯಲ್ಲಿ ಒಂದೇ ಕಾಗದವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಬದಿಯ ನಡುವೆ ಹಿಡಿದು ಆ ಕಡೆ ಈ ಕಡೆ ಎಳೆಯಿರಿ. ಬಲ ಹೆಬ್ಬೆರಳಿನ ತುದಿಗಂಟು ಮಡಚಿಕೊಂಡರೆ ನನಗೆ ಬರೆಯಿರಿ. ಮಡಚದಿದ್ದರೂ ನರರೋಗ ಅಥವಾ ಕೈ ಶಸ್ತ್ರಚಿಕಿತ್ಸೆಯ ಡಾಕ್ಟರನ್ನು ನೋಡಿ, ನರದ ವೇಗ ಅಳೆಯುವ ಪರೀಕ್ಷೆ ಬಗ್ಗೆ ಕೇಳಿ. ಅಲ್ಲಿಯವರೆಗೆ ಮೊಣಕೈ ಊರಬೇಡಿ, ಫೋನ್ ಕಿವಿಗೆ ಹಿಡಿಯದೆ ಇಯರ್‌ಫೋನ್ ಬಳಸಿ. ರಾತ್ರಿ ಮೊಣಕೈಗೆ ಟವೆಲ್ ಸಡಿಲವಾಗಿ ಸುತ್ತಿ ಮಲಗಿ, ಪೂರ್ತಿ ಮಡಚದ ಹಾಗೆ. ಕುರ್ಚಿಯ ಕೈ ಗಟ್ಟಿಯದಾ? ಮಲಗುವಾಗ ಕೈ ತಲೆಯಡಿ ಇರುತ್ತದಾ?

ಕ್ಲಿಕ್ ಪ್ರಿಯ: ಎಲ್ಲರೂ ಪ್ರತಿ ಕೀಗೂ ಬೇರೆ ಸ್ಪ್ರಿಂಗ್ ಸ್ವಿಚ್ ಇರುವ ಮೆಕ್ಯಾನಿಕಲ್‌ಗೆ ಬನ್ನಿ, ಅರ್ಧ ಸಮಸ್ಯೆ ಹೋಗುತ್ತದೆ. ಚೆರ್ರಿ ಎಂಎಕ್ಸ್ ರೆಡ್ ಸ್ವಿಚ್ 45 ಗ್ರಾಂ ಒತ್ತಿದರೆ ಸಾಕು, 2 ಮಿ.ಮೀ.ಗೇ ಅಕ್ಷರ ಬೀಳುತ್ತದೆ.

ಹಳೇ ಟೈಪಿಸ್ಟ್: ಮತ್ತೆ ತಳ ಮುಟ್ಟುವವರೆಗೆ 4 ಮಿ.ಮೀ. ಕುಟ್ಟುವವರು ಯಾರು? ಕೀಬೋರ್ಡ್ ದಪ್ಪ ಜಾಸ್ತಿಯಾದಷ್ಟೂ ಮಣಿಕಟ್ಟು ಮೇಲಕ್ಕೆ. ತೆಳ್ಳಗಿನದೇ ವಾಸಿ.

ಕ್ಲಿಕ್ ಪ್ರಿಯ: ತೆಳ್ಳಗಿನದರಲ್ಲಿ ಬೆರಳು ಕಲ್ಲಿಗೆ ಬಡಿದ ಹಾಗೆ. ನೀವು ಬಳಸಿಯೇ ಇಲ್ಲ ಅನಿಸುತ್ತದೆ.

ಹಳೇ ಟೈಪಿಸ್ಟ್: ನೀವು ಹುಟ್ಟುವ ಮೊದಲೇ ಬಳಸಿದ್ದೇನೆ. ಮೈಕ್ರೋಸಾಫ್ಟ್‌ನವರು 1994ರಲ್ಲೇ ನಡುವೆ ಸೀಳಿದ ನ್ಯಾಚುರಲ್ ಕೀಬೋರ್ಡ್ ತಂದಿದ್ದರು. ಸದ್ದು ಮಾಡಿದ್ದೆಲ್ಲಾ ಎರ್ಗೊನಾಮಿಕ್, ಅಂದರೆ ಮೈಕೈಗೆ ಹೊಂದುವಂಥದ್ದು, ಅಲ್ಲ.

ಗ್ರಾಫಿಕ್ಸ್: ಅಕ್ಷರಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿರುವ ಡ್ವೊರಾಕ್ ವಿನ್ಯಾಸಕ್ಕೆ ಬದಲಾದರೆ ಕೈನೋವು ಹೋಗುತ್ತದಾ?

ಕ್ಲಿಕ್ ಪ್ರಿಯ: ಹೋಗುತ್ತದೆ.

ಫಿಸಿಯೋ: ಬೆರಳಿನ ಓಡಾಟ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ. "ಹೋಗುತ್ತದೆ" ಅಂತ ಬೇರೆಯವರು ನನ್ನ ಪರವಾಗಿ ಉತ್ತರಿಸಬೇಡಿ. ಕೀ ಯಾವುದೇ ಇರಲಿ, ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಬಲ ಹಾಕಿ ಕುಟ್ಟುವವರೇ ಹೆಚ್ಚು. ಮೊದಲು ಅದನ್ನು ಕಡಿಮೆ ಮಾಡಿ.

ಡೇಟಾ ಎಂಟ್ರಿ: ಮೇಡಂ, ನೋವು ಬಲಗೈಗೆ ಮಾತ್ರ. ಎರಡು ಭಾಗದ ಕೀಬೋರ್ಡ್ ತೆಗೆದುಕೊಳ್ಳಲಾ?

ಫಿಸಿಯೋ: ಎರಡೂ ಕೈಯಲ್ಲಿ ಟೈಪ್ ಮಾಡುತ್ತೀರಿ, ಒಂದೇ ಕೈ ನೋಯುತ್ತದೆ. ಮೌಸ್ ಯಾವ ಕೈಯಲ್ಲಿದೆ? ಬಲಗಡೆ ನಂಬರ್ ಕೀಗಳು ಇರುವುದರಿಂದ ಮೌಸ್ ದೂರ ಹೋಗಿರುತ್ತದೆ. ಅಂಕಿ ಹೊಡೆಯುವ ಕೆಲಸ ನಿಮ್ಮದು, ಹಾಗಾಗಿ ನಂಬರ್ ಕೀಗಳಿಲ್ಲದ ಕೀಬೋರ್ಡ್ ಬಳಸಿ, ಬೇರೆಯಾಗಿ ಸಿಗುವ ನಂಬರ್ ಪ್ಯಾಡ್ ಎಡಗಡೆ ಇಟ್ಟು ನೋಡಿ.

ಅಮ್ಮ: ಮಗಳಿಗೆ 9 ವರ್ಷ, ಟೈಪಿಂಗ್ ಕಲಿಯುತ್ತಿದ್ದಾಳೆ. ಈಗಿನಿಂದಲೇ ಎರ್ಗೊನಾಮಿಕ್ ಕೊಡಬೇಕಾ?

ಲೇಖಕ: ಕನ್ನಡ ಟೈಪ್ ಮಾಡುವಾಗ ಶಿಫ್ಟ್ ಒತ್ತಿ ಒತ್ತಿ ಎಡ ಕಿರುಬೆರಳು ಸೋಲುತ್ತದೆ. ಜೋಮೇನಿಲ್ಲ, ಮಹಾಪ್ರಾಣದ ಕಾಟ ಅಷ್ಟೇ.

ಫಿಸಿಯೋ: ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಆನ್ ಮಾಡಿ. ಶಿಫ್ಟ್ ಹಿಡಿದುಕೊಳ್ಳಬೇಕಾಗಿಲ್ಲ, ಒಮ್ಮೆ ಒತ್ತಿ ಬಿಟ್ಟು ಆಮೇಲೆ ಅಕ್ಷರ ಒತ್ತಬಹುದು. ಶಿಫ್ಟ್ ಅನ್ನು ಹೆಬ್ಬೆರಳಿಗೆ ಕೊಡಲು ಬರುವ ಕೀಬೋರ್ಡ್‌ಗಳೂ ಇವೆ.

ಹೊಸಬ: ಮೆತ್ತನೆಯ ಪಟ್ಟಿ ಒಳ್ಳೆಯದಾ ಮೇಡಂ?

ಫಿಸಿಯೋ: ಮೇಲೆ ಹೇಳಿದ್ದೇನೆ.

ಹಿತೈಷಿ: ನಮ್ಮ ಪರಿಚಯದವರಿಗೆ ಮ್ಯಾಗ್ನೆಟ್ ಪಟ್ಟಿಯಿಂದ ವಾಸಿಯಾಗಿದೆ. ಎಲ್ಲದಕ್ಕೂ ಡಾಕ್ಟರ್, ಟೆಸ್ಟ್ ಅಂತ ಹೆದರಿಸಬಾರದು ಅಲ್ವಾ?

ಅನುವಾದಕಿ: ಅವರು ಹೆದರಿಸಿದ್ದು ಒಬ್ಬರನ್ನು ಮಾತ್ರ, ಅದಕ್ಕೆ ಕಾರಣವನ್ನೂ ಹೇಳಿದ್ದಾರೆ. ಓದಿ ಮಾತಾಡಿ.

ಹಿತೈಷಿ: ನಾನು ನಿಮ್ಮನ್ನು ಕೇಳಲಿಲ್ಲ.

ಕೋಡ್ ಹುಳು: ಮೇಡಂ, ಕುರ್ಚಿಯ ಕೈ ಗಟ್ಟಿ ಪ್ಲಾಸ್ಟಿಕ್, ಬಲ ಮೊಣಕೈ ಯಾವಾಗಲೂ ಅದರ ಮೇಲೇ. ಮಲಗುವುದೂ ಕೈ ಮಡಚಿ ತಲೆಯಡಿ ಇಟ್ಟುಕೊಂಡೇ. ಕಾಗದ ಎಳೆದು ನೋಡಿದೆ. ಬಲ ಹೆಬ್ಬೆರಳು ಮಡಚಿತು, ಎಡದ್ದು ನೆಟ್ಟಗೇ ಇತ್ತು. ಮುಂದಿನ ತಿಂಗಳು ರಜೆ ಇದೆ, ಆಗ ತೋರಿಸಲಾ?

ಫಿಸಿಯೋ: ಮುಂದಿನ ತಿಂಗಳಲ್ಲ, ಈ ವಾರ. ರಜೆ ಸಿಗದಿದ್ದರೆ ಅರ್ಧ ದಿನ ಕೇಳಿ. ಗುಳಿ ಯಾವಾಗ ಕಂಡಿತು, ಜೋಮು ಯಾವಾಗಿನಿಂದ ಬಿಡದೆ ಇದೆ ಅಂತ ಬರೆದುಕೊಂಡು ಹೋಗಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಕುರ್ಚಿಯ ಕೈ ತೆಗೆಯಲು ಬಂದರೆ ಇವತ್ತೇ ತೆಗೆದುಬಿಡಿ.

ಕ್ಲಿಕ್ ಪ್ರಿಯ: ಕೋಡ್ ಹುಳು ಅವರೇ, ಎರಡು ಭಾಗದ ಆ ಕೀಬೋರ್ಡ್ ಮಾರುತ್ತೀರಾ? ಸ್ವಿಚ್ ಯಾವುದು?

ಅಡ್ಮಿನ್: ಮಾರಾಟದ ಮಾತು ಇಲ್ಲಿ ಬೇಡ. ಹಿತೈಷಿ ಅವರೇ, ಮ್ಯಾಗ್ನೆಟ್ ಮೆಸೇಜ್ ಅಳಿಸಿದ್ದೇನೆ.

ಹಿತೈಷಿ: ಒಳ್ಳೆಯದು ಹೇಳುವವರಿಗೆ ಇಲ್ಲಿ ಜಾಗ ಇಲ್ಲ ಅಂತಾಯಿತು.