‘ರಿಲೇಟೆಡ್ ಪಾರ್ಟಿ’ಗೆ ಕನ್ನಡದಲ್ಲಿ ಏನೆನ್ನಬೇಕು?

ಷೇರುಪೇಟೆಗೆ ಬಂದ ಮೇಲೂ ಒಂದೇ ಮನೆತನದ ಹಿಡಿತದಲ್ಲಿರುವ ಕಂಪನಿಗಳ ವಂಚನೆಯ ಕುರಿತು ಬೆಳಗಾವಿಯ ವಾಣಿಜ್ಯ ವಿದ್ಯಾರ್ಥಿಗಳಿಗಾಗಿ ಪಾಠವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ರಿಲೇಟೆಡ್ ಪಾರ್ಟಿ’ ಎಂಬುದಕ್ಕೆ, ಅಂದರೆ ಕಂಪನಿ ನಡೆಸುವವರೊಡನೆ ಮನೆತನದ ಇಲ್ಲವೇ ಪಾಲುದಾರಿಕೆಯಂಥ ನಂಟಿರುವ ವ್ಯಕ್ತಿಗೆ ಅಥವಾ ಸಂಸ್ಥೆಗೆ, ತಕ್ಕ ಪದ ಬೇಕಾಗಿದೆ. ‘ಸಂಬಂಧಿತ ಪಕ್ಷ’ ಎಂದು ಬರೆಯುವುದುಂಟು. ಆದರೆ ‘ಸಂಬಂಧಿತ ಅಧಿಕಾರಿ’ ಎಂಬ ಕಚೇರಿಯ ರೂಢಿಗೆ ಒಗ್ಗಿದವರು ಅದನ್ನು ‘ಆ ವ್ಯವಹಾರಕ್ಕೆ ಸಂಬಂಧಪಟ್ಟವರು’ ಎಂದೇ ಓದುತ್ತಾರೆ, ಮಾಲಕರ ಮನೆಯ ನಂಟು ಅಲ್ಲಿ ಮರೆಯಾಗಿಬಿಡುತ್ತದೆ.

ಹಾಗೆಂದು ‘ನಂಟರು’ ಎನ್ನಲೂ ಆಗದು. 2013ರ ಕಂಪನಿ ಕಾಯ್ದೆ ಮತ್ತು ಅದರ ನಿಯಮಗಳ ಪ್ರಕಾರ ಅವಿಭಕ್ತ ಕುಟುಂಬದ ಸದಸ್ಯರು, ಗಂಡ-ಹೆಂಡತಿ, ತಂದೆ-ತಾಯಿ, ಮಗ-ಸೊಸೆ, ಮಗಳು-ಅಳಿಯ, ಅಣ್ಣತಮ್ಮ, ಅಕ್ಕತಂಗಿ, ಇಷ್ಟೇ ಜನ ಸಂಬಂಧಿಕರು. ನಮ್ಮ ಕಡೆ ಬಳಗವೆಂದರೆ ಮೊದಲು ನೆನಪಾಗುವ ಸೋದರಮಾವನಾಗಲಿ, ಬೀಗರು-ಬಿಜ್ಜರಾಗಲಿ ಆ ಪಟ್ಟಿಯಲ್ಲಿಲ್ಲ (ಸೋದರಮಾವನೇ ಗಂಡನೂ ಆಗಿದ್ದರೆ ಮಾತು ಬೇರೆ). ಇನ್ನೊಂದು ಕಡೆ, ರಕ್ತಸಂಬಂಧವೇ ಇಲ್ಲದಿದ್ದರೂ ನಿರ್ದೇಶಕನೊಬ್ಬ ಪಾಲುದಾರನಾಗಿರುವ ಸಂಸ್ಥೆ ‘ರಿಲೇಟೆಡ್ ಪಾರ್ಟಿ’ ಎನಿಸಿಕೊಳ್ಳುತ್ತದೆ.

ಪದ ಮಸುಕಾಗಿದ್ದರೆ ವಿಷಯವೂ ಮಸುಕಾಗುತ್ತದೆಂಬುದೇ ನನ್ನ ಕಳವಳ. 2008ರ ಡಿಸೆಂಬರಿನಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಯಾದ ಸತ್ಯಂನ ಆಡಳಿತ ಮಂಡಳಿಯು ಅಧ್ಯಕ್ಷ ರಾಮಲಿಂಗ ರಾಜು ಅವರ ಮಕ್ಕಳು ನಡೆಸುತ್ತಿದ್ದ ಎರಡು ಮೇಟಾಸ್ ಕಂಪನಿಗಳನ್ನು ಸುಮಾರು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿ, ಹೂಡಿಕೆದಾರರು ತಿರುಗಿಬಿದ್ದ ಕೂಡಲೇ ಹಿಂದೆ ಸರಿಯಿತು. ಲೆಕ್ಕದಲ್ಲಿದ್ದ ಸುಳ್ಳು ಆಸ್ತಿಯ ಜಾಗದಲ್ಲಿ ನಿಜವಾದ ಆಸ್ತಿಯನ್ನು ತುಂಬುವ ಕೊನೆಯ ಯತ್ನ ಅದಾಗಿತ್ತೆಂದು 2009ರ ಜನವರಿ 7ರ ಪತ್ರದಲ್ಲಿ ರಾಜು ಅವರೇ ಒಪ್ಪಿಕೊಂಡರು. ಸಾರ್ವಜನಿಕರ ಹಣ ಮನೆಯವರ ಕಂಪನಿಗೆ ಹರಿಯುವ ಇಂಥ ದಾರಿಯನ್ನು ಕಾಯಲೆಂದೇ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ನಿಯಮಗಳು ಲೆಕ್ಕಪರಿಶೋಧನಾ ಸಮಿತಿಯ ಮುಂಗಡ ಒಪ್ಪಿಗೆಯನ್ನು ಕೇಳುತ್ತವೆ; ದೊಡ್ಡ ವ್ಯವಹಾರವಾದರೆ ಷೇರುದಾರರ ಒಪ್ಪಿಗೆಯೂ ಬೇಕು, ಅಲ್ಲಿ ನಂಟುಳ್ಳವರು ಪರವಾಗಿ ಮತ ಹಾಕುವಂತಿಲ್ಲ.

‘ಒಳಗಿನವರ ವ್ಯವಹಾರ’ ಎಂದರೆ ಗುಟ್ಟಿನ ಮಾಹಿತಿ ಬಳಸಿ ಷೇರು ಕೊಳ್ಳುವುದು, ಮಾರುವುದೆಂಬ ಅರ್ಥ ಬರುತ್ತದೆ. ಆದ್ದರಿಂದ ಸದ್ಯಕ್ಕೆ ‘ನಂಟುಳ್ಳವರೊಡನೆ ವ್ಯವಹಾರ’ ಎಂದು ಬರೆದಿದ್ದೇನೆ. ನಂಟು ರಕ್ತದ್ದೂ ಆಗಬಹುದು, ಪಾಲುದಾರಿಕೆಯದೂ ಆಗಬಹುದು. ಕಾಯ್ದೆಯ 188ನೆಯ ಕಲಮಿನ ‘ಆರ್ಮ್ಸ್ ಲೆಂತ್’ ಎಂಬುದನ್ನು, ಅಂದರೆ ನಂಟೇ ಇಲ್ಲವೆಂಬಂತೆ ವ್ಯವಹರಿಸುವುದನ್ನು, ‘ಹೊರಗಿನವರಿಗೆ ಹಾಕುವ ದರ’ ಎಂದರೆ ಸಾಕೇ? ದರವಲ್ಲದೆ ಸಾಲದ ಅವಧಿ, ಜಾಮೀನು ಮುಂತಾದ ಕರಾರುಗಳೂ ಅದರಲ್ಲಿ ಅಡಕವಾಗಬೇಕಲ್ಲ. ಬಾಗಲಕೋಟೆ, ವಿಜಯಪುರದ ಅಡತಿ ಅಂಗಡಿಗಳ ಲೆಕ್ಕ ಬರೆದು ಬಲ್ಲವರು ಬಳಕೆಯಲ್ಲಿರುವ ಮಾತೇನಾದರೂ ಇದ್ದರೆ ದಯವಿಟ್ಟು ತಿಳಿಸಬೇಕು.